ಸಾಕುನಾಯಿಯ ಯಜಮಾನರೂ ಅವರ ಸಂಘಗಳೂ

ಕೇಂದ್ರ ಸರಕಾರದ ಪಶುಸಂಗೋಪನ ಇಲಾಖೆಯು 2024ನೆಯ ಇಸವಿಯ ಮಾರ್ಚಿ 12ರಂದು ಎಲ್ಲ ರಾಜ್ಯಗಳಿಗೂ ಒಂದು ಸುತ್ತೋಲೆಯನ್ನು ಕಳುಹಿಸಿದ್ದುದು ವಾಚಕರ ನೆನಪಿನಲ್ಲಿ ಇದ್ದೇ ಇರುವುದು. ಪಿಟ್‌ಬುಲ್, ರಾಟ್‌ವೈಲರ್, ಮ್ಯಾಸ್ಟಿಫ್ ಮುಂತಾದ 23 ಜಾತಿಯ ನಾಯಿಗಳು ಕ್ರೂರವಾದುವೆಂದೂ, ಅವುಗಳ ಆಮದು, ತಳಿ ಬೆಳೆಸುವಿಕೆ, ಮಾರಾಟಗಳಿಗೆ ಪರವಾನಗಿ ಕೊಡಕೂಡದೆಂದೂ, ಮನೆಗಳಲ್ಲಿ ಈಗಾಗಲೇ ಇರುವ ಅಂತಹ ನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸತಕ್ಕದ್ದೆಂದೂ ಅದರ ಸಾರಾಂಶವಾಗಿದ್ದಿತು. ಒಂದು ತಿಂಗಳು ತುಂಬುವ ಮೊದಲೇ, ಏಪ್ರಿಲ್ 10ರಂದು, ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯವು ಆ ಸುತ್ತೋಲೆಯನ್ನು ರದ್ದುಪಡಿಸಿತು. ಸಂಬಂಧಪಟ್ಟವರ ಅಹವಾಲನ್ನು ಕೇಳದೆ, ಕಾನೂನು ವಿಧಿಸಿದ ಕ್ರಮವನ್ನು ಅನುಸರಿಸದೆ, ಕೇವಲ ಒಂದು ಓಲೆಯಿಂದ ಇಂತಹ ನಿಷೇಧವನ್ನು ಹೇರಲಾಗದೆಂಬುದೇ ಆ ತೀರ್ಪಿನ ತಿರುಳು. ಯಥಾಕ್ರಮದಲ್ಲಿ ವಿಚಾರಿಸಿ ಹೊಸ ನಿಯಮಗಳನ್ನು ಮಾಡುವ ದಾರಿಯನ್ನು ನ್ಯಾಯಾಲಯವು ಸರಕಾರಕ್ಕೆ ಮುಚ್ಚಲಿಲ್ಲ.

ಈ ವ್ಯವಹಾರದಲ್ಲಿ ನಮ್ಮ ಲಕ್ಷ್ಯವನ್ನು ವಿಶೇಷವಾಗಿ ಸೆಳೆದ ಸಂಗತಿ ಮತ್ತೊಂದುಂಟು. ನಮ್ಮ ಉಚ್ಚ ನ್ಯಾಯಾಲಯದ ಬಾಗಿಲನ್ನು ತಟ್ಟಿದವರು ನಾಯಿಗಳ ಪಾಲನೆಯ ಕಸುಬಿನವರೂ ನಾಯಿಯನ್ನು ಸಾಕಿದವರೂ ಆದ ಸಾಮಾನ್ಯ ನಾಗರಿಕರು. ಲಕ್ಷಾಂತರ ಮನೆಗಳಿಗೆ ಸಂಬಂಧಿಸಿದ ಆಜ್ಞೆಯೊಂದನ್ನು ಒಬ್ಬಿಬ್ಬರು ತಮ್ಮ ಸ್ವಂತ ಹಣದಿಂದ, ಸ್ವಂತ ಧೈರ್ಯದಿಂದ ಎದುರಿಸಬೇಕಾದರೆ, ಉಳಿದವರ ಸ್ಥಿತಿಯೇನು? ವಕೀಲರ ಶುಲ್ಕವನ್ನು ತೆರಲಾರದ ಗುಮಾಸ್ತನೂ, ಮನೆಯೊಡೆಯನ ಕಣ್ಣಿಗೆ ಅಂಜಿ ಬಾಳುವ ಬಾಡಿಗೆಯವನೂ ತಮ್ಮ ಪ್ರಾಣಿಯನ್ನು ಬೀದಿಗೆ ಬಿಡುವುದರ ಹೊರತು ಬೇರೆ ದಾರಿ ಕಾಣರು. ಹಾಗೆ ಬಿಟ್ಟ ನಾಯಿಯೇ ನಾಳೆ ಊರಿಗೆ ಉಪದ್ರವವಾಗುವುದು. ಆದುದರಿಂದ ನಾಯಿಯ ಯಜಮಾನರು ಸಂಘಟಿತರಾಗಬೇಕೆಂಬುದು ಸಿರಿವಂತರ ವಿನೋದದ ಮಾತಲ್ಲ, ಅದು ಪುರಹಿತದ ಮಾತೇ ಆಗಿದೆ.

ಸಂಘವು ತನ್ನ ಸದಸ್ಯರಿಗೆ ಮಾಡಬಹುದಾದ ಉಪಕಾರವೆಷ್ಟೆಂಬುದಕ್ಕೆ ಇಂಗ್ಲೆಂಡಿನ ಚರಿತ್ರೆಯಲ್ಲಿ ಒಳ್ಳೆಯ ನಿದರ್ಶನವಿದೆ. 1873ರಲ್ಲಿ ಲಂಡನಿನಲ್ಲಿ ಸ್ಥಾಪಿತವಾದ ಕೆನೆಲ್ ಕ್ಲಬ್ಬು ವಂಶಾವಳಿಗಳನ್ನೂ ಪ್ರದರ್ಶನಗಳ ನಿಯಮಗಳನ್ನೂ ನೋಡಿಕೊಂಡಿತು. ಅದು ಬಹುಮಟ್ಟಿಗೆ ಉಳ್ಳವರ ಕೂಟ. ಆದರೆ 1891ರಲ್ಲಿ ಹುಟ್ಟಿದ ರಾಷ್ಟ್ರೀಯ ಶ್ವಾನರಕ್ಷಣಾ ಲೀಗು ಬೇರೆ ಮಾರ್ಗವನ್ನು ಹಿಡಿಯಿತು. ಆ ದೇಶದಲ್ಲಿ ನಾಯಿಯೊಂದಕ್ಕೆ ವರ್ಷಕ್ಕೆ 7 ಶಿಲ್ಲಿಂಗು 6 ಪೆನ್ಸುಗಳ ಪರವಾನಗಿ ಶುಲ್ಕವಿದ್ದ ಕಾಲವದು. ಮೊದಲನೆಯ ಮಹಾಯುದ್ಧದ ದಿನಗಳಲ್ಲಿ ಆ ಶುಲ್ಕವನ್ನು ಕೊಡಲಾರದ ಬಡವರ ನಾಯಿಗಳು ಕೊಲೆಗೆ ಗುರಿಯಾಗುತ್ತಿರಲು, ಲೀಗು ಅವರ ಪರವಾಗಿ ಹಣ ತೆತ್ತು ಪರವಾನಗಿ ಕೊಡಿಸಿತು. ಡಾಗ್ಸ್ ಟ್ರಸ್ಟ್ ಎಂಬ ಹೆಸರನ್ನು ತಳೆದ ಅದೇ ಸಂಸ್ಥೆಯು ಮುಂದೆ ತನ್ನ ಸದಸ್ಯರಿಗೆ ಇತರರ ಹಾನಿಯ ವಿಮೆಯನ್ನೂ ಒದಗಿಸಿತು. ಸದಸ್ಯನ ನಾಯಿ ಪರರಿಗೆ ಗಾಯ ಮಾಡಿದರೆ ಕೊಡಬೇಕಾಗುವ ಪರಿಹಾರದ ಭಾರವನ್ನು ಆ ವಿಮೆ ಹೊರುವುದು. ಎಕ್ಸ್‌ಎಲ್ ಬುಲ್ಲಿ ಜಾತಿಯ ನಾಯಿಗಳನ್ನು ಬ್ರಿಟಿಷ್ ಸರಕಾರವು ನಿರ್ಬಂಧಿಸಿ, 2024ರ ಫೆಬ್ರವರಿಯಿಂದ ವಿನಾಯಿತಿ ಪತ್ರವಿಲ್ಲದೆ ಅವನ್ನು ಇಂಗ್ಲೆಂಡ್ ವೇಲ್ಸುಗಳಲ್ಲಿ ಇಟ್ಟುಕೊಳ್ಳಕೂಡದೆಂದಾಗ, ಆ ಪತ್ರಕ್ಕೆ ಇಂತಹ ವಿಮೆಯೇ ಒಂದು ಷರತ್ತಾಯಿತು. ಬಹುಮಂದಿ ಯಜಮಾನರು ಅದನ್ನು ಈ ಸಂಸ್ಥೆಯ ಮೂಲಕವೇ ಪಡೆದರು.

ಈ ವಿಮೆಯ ಮರ್ಮವನ್ನು ವಾಚಕರು ಗಮನಿಸಬೇಕು. ಅದು ಯಜಮಾನನನ್ನು ದಿವಾಳಿಯಿಂದ ಉಳಿಸುವುದಷ್ಟೇ ಅಲ್ಲದೆ, ಕಚ್ಚಿಸಿಕೊಂಡವನಿಗೆ ಪರಿಹಾರವು ಕೈಸೇರುವಂತೆಯೂ ಮಾಡುವುದು. ಸದಸ್ಯನ ರಕ್ಷಣೆಯೂ ನೆರೆಯವನ ರಕ್ಷಣೆಯೂ ಒಂದೇ ಏರ್ಪಾಟಿನಲ್ಲಿ ಸೇರಿಕೊಂಡಿರುವುದು. ಸಂಘವೆಂಬುದರ ಯೋಗ್ಯತೆಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಒರೆಗಲ್ಲು ನಮಗೆ ತೋರದು.

ನಮ್ಮ ನಾಡಿನಲ್ಲಿ ಸಂಘಗಳಿಲ್ಲವೆಂದಲ್ಲ. ಚೆನ್ನೈಯಲ್ಲಿ ನೆಲೆಗೊಂಡಿರುವ ಕೆನೆಲ್ ಕ್ಲಬ್ ಆಫ್ ಇಂಡಿಯಾದ ಮೂಲವು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸೇರಿದುದು. ಪಟ್ಟಣ ಪಟ್ಟಣಗಳಲ್ಲಿ ಕೂಟಗಳಿವೆ. ಆದರೆ ಪ್ರದರ್ಶನದ ಬಿಲ್ಲೆಗಳಿಗೂ ವಂಶಪತ್ರಗಳಿಗೂ ಸಲ್ಲುವ ಗಮನವು ಸದಸ್ಯನ ದಿನದಿನದ ಕಷ್ಟಕ್ಕೆ ಸಲ್ಲುತ್ತಿದೆಯೆ? ಬಹುಮಹಡಿ ಕಟ್ಟಡಗಳ ನಿವಾಸಿ ಸಂಘಗಳು ನಾಯಿಯನ್ನು ಸಾಕಕೂಡದೆಂದು ನಿರ್ಣಯ ಮಾಡುವುದೂ, ಲಿಫ್ಟಿನಲ್ಲಿ ಬಿಡೆವೆನ್ನುವುದೂ ಇಂದಿನ ನಿತ್ಯದ ವರ್ತಮಾನ. ಬಹುಮತದಿಂದಲೂ ಅಂತಹ ನಿಷೇಧವನ್ನು ವಿಧಿಸಲಾಗದೆಂದು ಭಾರತೀಯ ಪ್ರಾಣಿಕಲ್ಯಾಣ ಮಂಡಳಿಯು 2015ರಲ್ಲಿಯೇ ಸೂಚಿಸಿದೆ. ಕೇರಳದ ಉಚ್ಚ ನ್ಯಾಯಾಲಯವು 2021ರಲ್ಲಿ ಇದೇ ಅಭಿಪ್ರಾಯವನ್ನು ಎತ್ತಿಹಿಡಿದಿದೆ. ಇದನ್ನು ಬಲ್ಲ ಯಜಮಾನರು ಎಷ್ಟು ಮಂದಿ? ಬೆಂಗಳೂರಿನ ಮಹಾನಗರ ಪಾಲಿಕೆಯು 2018ರಲ್ಲಿ ಫ್ಲಾಟೊಂದಕ್ಕೆ ಒಂದೇ ನಾಯಿ, ಪ್ರತ್ಯೇಕ ಮನೆಗೆ ಮೂರೇ ನಾಯಿ ಎಂಬ ಉಪವಿಧಿಯನ್ನು ತಂದು, ಜನರ ವಿರೋಧವನ್ನು ಕಂಡು ತಡೆಹಿಡಿದುದೂ ಉಂಟು. ಕೂಗಿದಾಗ ಕೇಳುವ ಅಧಿಕಾರಕ್ಕಿಂತ, ಕರೆದು ಕೇಳುವ ಅಧಿಕಾರವು ಲೇಸು. ಆದರೆ ಕರೆಯುವುದಕ್ಕೆ ಎದುರಿಗೆ ನಂಬಿಕೆಗೆ ಪಾತ್ರವಾದ ಒಂದು ಸಂಘವಿರಬೇಡವೆ?

ಇನ್ನು ಎದುರು ಪಕ್ಷದ ಮಾತನ್ನೂ ನಾವು ಮರೆಯಲಾಗದು. ಬೀದಿಯಲ್ಲಿ ಆಡುವ ಕೂಸನ್ನು ಹರಿದ ನಾಯಿಯ ಸುದ್ದಿಯನ್ನು ಓದಿದ ತಾಯಿಗೆ ಯಜಮಾನನ ಹಕ್ಕುಬಾಧ್ಯತೆಗಳ ಉಪನ್ಯಾಸವು ರುಚಿಸುವುದೆ? ಹುಚ್ಚುನಾಯಿ ರೋಗವು ಒಮ್ಮೆ ಲಕ್ಷಣ ತೋರಿತೆಂದರೆ ಪ್ರಾಣವುಳಿಯುವುದು ತೀರ ದುರ್ಲಭ. ನಮ್ಮ ರಾಜ್ಯವು 2022ರಲ್ಲಿ ಆ ರೋಗವನ್ನು ಕಡ್ಡಾಯವಾಗಿ ವರದಿ ಮಾಡತಕ್ಕ ರೋಗಗಳ ಪಟ್ಟಿಗೆ ಸೇರಿಸಿತು. 2030ರೊಳಗಾಗಿ ನಾಯಿಯಿಂದ ಹರಡುವ ಈ ರೋಗವನ್ನು ನಿರ್ಮೂಲ ಮಾಡಬೇಕೆಂಬ ರಾಷ್ಟ್ರೀಯ ಯೋಜನೆಯೂ ಇದೆ. 2023ರ ನಿಯಮಗಳ ಪ್ರಕಾರ ಸಾಕುನಾಯಿಗೆ ಲಸಿಕೆ ಹಾಕಿಸುವುದು ಯಜಮಾನನ ಹೊಣೆ. ಅಜಾಗರೂಕತೆಯಿಂದ ಪ್ರಾಣಿಯನ್ನು ಹತೋಟಿಯಲ್ಲಿಡದವನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನ ಮೇರೆಗೆ ಆರು ತಿಂಗಳವರೆಗಿನ ಸಜೆಯನ್ನೋ, 5000 ರೂಪಾಯಿಗಳವರೆಗಿನ ದಂಡವನ್ನೋ, ಎರಡನ್ನೂ ಕೂಡಿಯೋ ವಿಧಿಸಬಹುದು. ಕಾನೂನಿದ್ದೂ ಕಾವಲಿಲ್ಲದುದರಿಂದಲೇ ಜನರ ಸಹನೆ ತೀರಿ, ನಿಷೇಧದ ಕೂಗು ಏಳುತ್ತಿದೆ.

ನಿಷೇಧವು ನೆಗಡಿಯಾಯಿತೆಂದು ಮೂಗನ್ನು ಕೊಯ್ದಂತೆ ಎಂಬುದು ನಿಜ. ಆದರೆ ತಪ್ಪಿತಸ್ಥ ಸದಸ್ಯನನ್ನು ಮರೆಮಾಚುವ ಸಂಘವು ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬುದೂ ಅಷ್ಟೇ ನಿಜ. ಲಸಿಕೆಯ ಚೀಟಿಯನ್ನು ತೋರಿಸದವನಿಗೆ ಸದಸ್ಯತ್ವವಿಲ್ಲ, ಹಗ್ಗವಿಲ್ಲದೆ ಬೀದಿಗೆ ಬಿಡುವವನಿಗೆ ಸಹಾಯವಿಲ್ಲ, ನಾಯಿಯನ್ನು ತೊರೆದವನಿಗೆ ಕ್ಷಮೆಯಿಲ್ಲ ಎಂದು ಸಂಘಗಳು ತಾವಾಗಿಯೇ ನಿಯಮ ಮಾಡಿಕೊಂಡರೆ, ಸರಕಾರದ ಮುಂದೆ ಅವುಗಳ ಮಾತಿಗೆ ತೂಕ ಬರುವುದು. ಅಂತಹ ಸಂಘವು ಒಬ್ಬ ಸದಸ್ಯನ ಪರವಾಗಿ ನಿಂತಿತೆಂದರೆ, ಅವನು ನಿರಪರಾಧಿಯೆಂದು ಊರೇ ನಂಬುವುದು. ಇದಕ್ಕಿಂತ ದೊಡ್ಡ ರಕ್ಷಣೆ ಯಾವುದು?

ಸ್ವದೇಶಾಭಿಮಾನಿಗಳಾದ ನಾವು ಇನ್ನೊಂದು ಮಾತನ್ನು ಹೇಳದಿರಲಾರೆವು. ನಿಷೇಧಕ್ಕೆ ಗುರಿಯಾದ 23 ಜಾತಿಗಳೂ ಪರದೇಶದವು. ಈ ಬಿಸಿಲಿಗೆ ಹೊಂದದ ಪ್ರಾಣಿಗಳನ್ನು ಪ್ರತಿಷ್ಠೆಗಾಗಿ ತಂದು ಕಟ್ಟುವವರು, ಬಾಗಿಲಲ್ಲೇ ಇರುವ ಮುಧೋಳದ ನಾಯಿಯನ್ನು ಕಣ್ಣೆತ್ತಿ ನೋಡರು. 2005ರಲ್ಲಿ ಅಂಚೆ ಇಲಾಖೆಯು ಅದರ ಚಿತ್ರವಿರುವ ಚೀಟಿಯನ್ನು ಹೊರಡಿಸಿ ಗೌರವಿಸಿತು. ಆದರೆ ಕೆನೆಲ್ ಕ್ಲಬ್ ಆಫ್ ಇಂಡಿಯಾದ ದಾಖಲೆಗಳಲ್ಲಿ ಅದಕ್ಕೆ ಕಾರವಾನ್ ಹೌಂಡ್ ಎಂಬ ಹೆಸರು! ಮುಧೋಳದ ಸುತ್ತಿನ ಬಡ ಸಾಕಣೆಗಾರರು ಯಾವ ಸಂಘದ ಸದಸ್ಯರು, ಅವರ ತಳಿಯ ಶುದ್ಧಿಗೂ ಬೆಲೆಗೂ ಜಾಮೀನು ಯಾರು ಎಂಬ ಪ್ರಶ್ನೆಯನ್ನು ಪಟ್ಟಣದ ಕೂಟಗಳು ತಮ್ಮನ್ನು ತಾವೇ ಕೇಳಿಕೊಳ್ಳಲಿ.

ಸಾವಿರ ವರ್ಷಗಳ ಹಿಂದಿನ ಆತಕೂರಿನ ಶಿಲಾಶಾಸನವು ಈ ವಿಷಯದಲ್ಲಿ ನಮಗೆ ಗುರುವಾಗಬಲ್ಲುದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನು ಬಹುಮಾನವಾಗಿ ಬೇಡಿದುದು ಕಾಳಿಯೆಂಬ ಬೇಟೆನಾಯಿಯನ್ನು. ಅದು ಹಂದಿಯೊಡನೆ ಹೋರಾಡಿ ಮಡಿಯಲು, ಅವನು ಕಲ್ಲು ನಿಲ್ಲಿಸಿ, ಅದರ ಪೂಜೆಗಾಗಿ ಭೂಮಿಯನ್ನು ಬಿಟ್ಟನು. ಪೂಜೆ ಸಲ್ಲಿಸದೆ ಉಣ್ಣುವ ಗೊರವನಿಗೆ ಪಾಪ ತಟ್ಟುವುದೆಂದೂ ಬರೆಸಿದನು. ಭೂಮಿಯ ಫಲವನ್ನು ಉಣ್ಣುವವನು ಅದಕ್ಕೆ ತಗುಲಿದ ಕರ್ತವ್ಯವನ್ನೂ ಮಾಡಬೇಕೆಂಬುದೇ ಅದರ ಅರ್ಥ. ಸಂಘದ ಆಶ್ರಯವನ್ನು ಬಯಸುವ ನಾಯಿಯ ಯಜಮಾನನಿಗೂ, ಸದಸ್ಯರ ಚಂದಾಹಣವನ್ನು ಪಡೆಯುವ ಸಂಘಕ್ಕೂ, ಶಾಸನ ಮಾಡಹೊರಟ ಸರಕಾರಕ್ಕೂ ಈ ಮಾತು ಸಮನಾಗಿ ಅನ್ವಯಿಸುತ್ತದೆಂದು ನಾವು ಭಾವಿಸುತ್ತೇವೆ.