ಗಣಕ ಕಟ್ಟೆ: ಬಿಟ್ಟ ಜಾಗಕ್ಕೆ ಮರಳುವ ದಾರಿ



ಹಿರಿಯ ತರಗತಿಯ ಹುಡುಗಿಯೊಬ್ಬಳು ಸಿ ಭಾಷೆಯಲ್ಲಿ ಹಾವು-ಮುಂಗುಸಿ ಆಟ ಬರೆದಿದ್ದಳು. ಮನೆಯ ಉಬುಂಟುವಿನಲ್ಲಿ ಚೆನ್ನಾಗಿ ಓಡಿತು. ಅಣ್ಣನ ಆಲ್ಪೈನ್ ಲಿನಕ್ಸ್‌ನಲ್ಲಿ ಲಿಂಕ್ ಆಗುವಾಗಲೇ ನಿಂತಿತು. "ನನಗೆ ಇದು ಬರೋದಿಲ್ಲ ಮಿಸ್, ಬಿಟ್ಟುಬಿಡ್ತೀನಿ" ಎಂದಳು. ತಪ್ಪು ಅವಳದಲ್ಲ. ಹೇಗೆ ಅಂತೀರಾ?

ಲೆಕ್ಕ ಮಾಡುವಾಗ ಅಮ್ಮ ಊಟಕ್ಕೆ ಕರೆದರೆ, ಎಲ್ಲಿಗೆ ನಿಲ್ಲಿಸಿದಿರೆಂದು ಗುರುತಿಟ್ಟು ಏಳುತ್ತೀರಿ. ಗಣಕವೂ ಹಾಗೆಯೇ: ಯಾವ ಸಾಲು, ರಿಜಿಸ್ಟರ್‌ಗಳಲ್ಲಿ ಏನಿತ್ತು ಎಂಬುದನ್ನು ಉಳಿಸಿಟ್ಟು ಇನ್ನೊಂದು ಕೆಲಸಕ್ಕೆ ಹೋಗುತ್ತದೆ. ಜೊತೆಗೆ ಪ್ರತಿ ಕೆಲಸಕ್ಕೂ ತನ್ನದೇ ಕಚ್ಚಾ ಪುಸ್ತಕ ಬೇಕು. ಅದೇ ಸ್ಟ್ಯಾಕ್.

ಸಿ ಭಾಷೆಯದೇ ಆದ ಸೆಟ್‌ಜಂಪ್, ಲಾಂಗ್‌ಜಂಪ್ ಎಲ್ಲ ಕಡೆ ಸಿಗುತ್ತವೆ. ಆದರೆ ಅವು ಗುರುತನ್ನಷ್ಟೇ ಇಡುತ್ತವೆ, ಬೇರೆ ಸ್ಟ್ಯಾಕ್ ಕೊಡುವುದಿಲ್ಲ. ಆಗಲೇ ಮುಗಿದುಹೋದ ಫಂಕ್ಷನ್‌ಗೆ ಮರಳಿ ಹಾರಿದರೆ ಏನಾದೀತೆಂದು ಹೇಳಲಾಗದು.

ಹುಡುಗಿ ಬಳಸಿದ್ದು ಮೇಕ್‌ಕಾಂಟೆಕ್ಸ್ಟ್, ಸ್ವಾಪ್‌ಕಾಂಟೆಕ್ಸ್ಟ್. ಇವು ಬೇರೆ ಸ್ಟ್ಯಾಕ್ ಕೊಡುತ್ತವೆ. ಆದರೆ ಪಾಸಿಕ್ಸ್ ಮಾನಕ 2008ರಲ್ಲಿ ಇವನ್ನು ಕೈಬಿಟ್ಟಿತು. ಉಬುಂಟುವಿನ ಜಿಲಿಬ್‌ಸಿಯಲ್ಲಿ ಇನ್ನೂ ಇವೆ, ಆಲ್ಪೈನ್‌ನ ಮಸಲ್ ಲೈಬ್ರರಿಯಲ್ಲಿಲ್ಲ. ಅಲ್ಲಿ ನಿಂತದ್ದು ಇದಕ್ಕೇ.

ಅಸೆಂಬ್ಲಿಯಲ್ಲಿ ಬರೆದರೆ ಬಲು ವೇಗ, ಆದರೆ ಇಂಟೆಲ್‌ಗೊಂದು, ಆರ್ಮ್‌ಗೊಂದು ಎಂದು ಬೇರೆ ಬೇರೆ ಬರೆಯಬೇಕು. ವಿಂಡೋಸ್‌ನಲ್ಲಿ ಫೈಬರ್ ಎಂಬ ಅದರದೇ ವ್ಯವಸ್ಥೆಯಿದೆ. ರಾಲ್ಫ್ ಎಂಗೆಲ್‌ಶಾಲ್ 2000ದಲ್ಲಿ ಒಂದು ಜಾಣ ಉಪಾಯ ವಿವರಿಸಿದರು: ಸಿಗ್ನಲ್ ಬಂದಾಗ ಬಳಸುವ ಬದಲಿ ಸ್ಟ್ಯಾಕ್ ಮೇಲೆ ಸೆಟ್‌ಜಂಪ್ ಮಾಡಿ, ಹೊಸ ಸ್ಟ್ಯಾಕ್ ಗಿಟ್ಟಿಸುವುದು. ಯುನಿಕ್ಸ್ ಬಗೆಯ ಗಣಕಗಳಲ್ಲಿ ಇದು ಬಹುದೂರ ನಡೆಯುತ್ತದೆ.

ಹಾಗಾದರೆ ಯಾವುದನ್ನು ಆರಿಸಬೇಕು? ಮೊದಲು ಕೇಳಿಕೊಳ್ಳಿ: ನನ್ನ ಪ್ರೋಗ್ರಾಂ ಎಲ್ಲೆಲ್ಲಿ ಓಡಬೇಕು? ಆಮೇಲೆ "ಹುಟ್ಟಿಸು", "ಬದಲಿಸು", "ಮುಗಿಸು" ಎಂಬ ನಿಮ್ಮದೇ ಮೂರು ಫಂಕ್ಷನ್ ಮಾಡಿ. ಉಳಿದ ಪ್ರೋಗ್ರಾಂ ಇವನ್ನು ಮಾತ್ರ ಕರೆಯಲಿ. ಒಳಗಿನ ವಿಧಾನ ಬದಲಾದರೂ ಹೊರಗಿನದು ಕೆಡುವುದಿಲ್ಲ.

ನಮ್ಮ ಹುಡುಗಿಗೆ ಇಷ್ಟೂ ಬೇಕಾಗಲಿಲ್ಲ. ಹಾವಿಗೊಂದು, ಮುಂಗುಸಿಗೊಂದು ಸ್ಟ್ರಕ್ಟ್ ಇಟ್ಟು, ಅವು ಎಲ್ಲಿವೆ, ಮುಂದಿನ ನಡೆ ಏನು ಎಂದು ಅದರಲ್ಲೇ ಬರೆದಳು. ಸರದಿಯಂತೆ ಎರಡನ್ನೂ ಕರೆದಳು. ಈಗ ಆಟ ಎರಡೂ ಕಡೆ ಓಡುತ್ತಿದೆ.

ಪಾಲಕರೇ, ಮಗುವಿನ ಪ್ರೋಗ್ರಾಂ ಬೇರೆ ಗಣಕದಲ್ಲಿ ನಿಂತರೆ "ನೀನೇನು ತಪ್ಪು ಮಾಡಿದೆ?" ಎನ್ನಬೇಡಿ. "ಅಲ್ಲಿ ಏನು ಬೇರೆ ಇದೆ, ನೋಡೋಣ ಬಾ" ಎನ್ನಿ.