ರಸೀದಿಗಳ ಪೆಟ್ಟಿಗೆ

ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಒಂದು ಸಂಜೆ ಅಳಿಯಂದಿರು ಹಳೆಯ ರಟ್ಟಿನ ಪೆಟ್ಟಿಗೆಯೊಂದನ್ನು ತಂದು ಊಟದ ಮೇಜಿನ ಮೇಲೆ ಸುರಿದರು. ವರ್ಷವಿಡೀ ಕೂಡಿಟ್ಟ ರಸೀದಿಗಳು! 2025ರ ವರಮಾನ ತೆರಿಗೆಯ ತಖ್ತೆಯನ್ನು ಏಪ್ರಿಲ್ 15ರೊಳಗೆ ಒಪ್ಪಿಸಬೇಕಾಗಿತ್ತು.

ನಮ್ಮ ವಾಚಕರಲ್ಲಿ ಅನೇಕರ ಮಕ್ಕಳು ಅಮೆರಿಕದಲ್ಲಿರುವುದರಿಂದ ಅಲ್ಲಿಯ ಕ್ರಮವನ್ನು ಸ್ವಲ್ಪ ವಿವರಿಸುವೆ. ವರಮಾನದಿಂದ ಕೆಲವು ಬಾಬುಗಳನ್ನು ಕಳೆದು ಉಳಿದುದಕ್ಕೆ ಮಾತ್ರ ತೆರಿಗೆ. ಕಳೆಯುವುದಕ್ಕೆ ದಾರಿಗಳೆರಡು. ಲೆಕ್ಕ ಕೇಳದೆ ಸರ್ಕಾರವೇ ಬಿಟ್ಟುಕೊಡುವ ನಿಗದಿಯಾದ ಮೊತ್ತ ಒಂದು. ಜಂಟಿ ತಖ್ತೆ ಸಲ್ಲಿಸುವ ದಂಪತಿಗಳಿಗೆ 2025ಕ್ಕೆ ಅದು 31,500 ಡಾಲರು. ಮತ್ತೊಂದು, ‘ಷೆಡ್ಯೂಲ್ ಎ’ ಎಂಬ ನಮೂನೆಯಲ್ಲಿ ವೆಚ್ಚಗಳನ್ನು ಬಾಬುವಾರು ಬರೆದು ಕಳೆಯುವುದು. ಎರಡರಲ್ಲಿ ಒಂದನ್ನೇ ಆರಿಸಬೇಕು. ಎರಡನೆಯ ಮಹಾಯುದ್ಧದಲ್ಲಿ ಕೋಟ್ಯಂತರ ಜನ ಹೊಸದಾಗಿ ತೆರಿಗೆಗೆ ಒಳಪಟ್ಟಾಗ, ಅವರಿಗೆ ಲೆಕ್ಕ ಬರೆಯುವ ತೊಡಕು ತಪ್ಪಲೆಂದು 1944ರಲ್ಲಿ ಮೊದಲನೆಯ ದಾರಿಯನ್ನು ತೆರೆದರು. ಆದರೂ ಪೆಟ್ಟಿಗೆಯ ವ್ಯಾಮೋಹ ಸುಲಭವಾಗಿ ಬಿಡದು.

ಅಳಿಯಂದಿರು ಬರೆಯುತ್ತ ಹೋದರು. ಮನೆಸಾಲದ ಬಡ್ಡಿ 12,000. ರಾಜ್ಯದ ವರಮಾನ ತೆರಿಗೆ, ಮನೆಯ ಕಂದಾಯ ಸೇರಿ 14,000. (2018ರಿಂದ 2024ರವರೆಗೆ ಇದರಲ್ಲಿ 10,000ಕ್ಕಿಂತ ಹೆಚ್ಚು ತೋರಿಸುವಂತಿರಲಿಲ್ಲ, 2025ಕ್ಕೆ, ಬಹು ದೊಡ್ಡ ವರಮಾನದವರನ್ನು ಬಿಟ್ಟು, ಮಿತಿಯನ್ನು 40,000ಕ್ಕೆ ಏರಿಸಿದ್ದಾರೆ.) ಅಲ್ಲಿಯ ದೇವಸ್ಥಾನಕ್ಕೆ ಕೊಟ್ಟದ್ದು 3,000. ಮಗಳ ಹಲ್ಲಿನ ಚಿಕಿತ್ಸೆಯ 2,500ಕ್ಕೆ ಮಾತ್ರ ಸ್ಥಾನ ಸಿಗಲಿಲ್ಲ. ವೈದ್ಯಕೀಯ ವೆಚ್ಚದಲ್ಲಿ ವರಮಾನದ ಶೇಕಡಾ 7.5ನ್ನು ಮೀರಿದ ಭಾಗಕ್ಕಷ್ಟೇ ಬೆಲೆ. ಇವರ 1,50,000 ಡಾಲರಿಗೆ ಆ ಗಡಿ 11,250.

ಕೊನೆಯ ರಸೀದಿ ಅಳಿಯಂದಿರ ಹುಟ್ಟೂರಿನ ಶಾಲೆಯದು. ಕೋಣೆ ಕಟ್ಟಿಸಲು 4,000 ಡಾಲರು ಕಳುಹಿಸಿದ್ದರು.

“ಇದೂ ಸೇರಿದರೆ 33,000, ಮಾವ! ಗಡಿ ದಾಟಿದೆವು” ಎಂದು ಹಿಗ್ಗಿದರು.

ಮಗಳು ನಮೂನೆಯ ಸೂಚನೆಗಳನ್ನು ನಿಧಾನವಾಗಿ ಓದಿದಳು. ದಾನವು ಅಮೆರಿಕದಲ್ಲಿ ಸ್ಥಾಪಿತವಾಗಿ ಅರ್ಹತೆ ಪಡೆದ ಸಂಸ್ಥೆಗೆ ಸಂದಿರಬೇಕು. ಅಂಥ ಸಂಸ್ಥೆ ತನ್ನ ವಿವೇಚನೆಯಿಂದ ಭಾರತದಲ್ಲಿ ಕೆಲಸ ನಡೆಸಿದರೆ ಅಡ್ಡಿಯಿಲ್ಲ. ಊರಿನ ಶಾಲೆಗೆ ನೇರವಾಗಿ ಕಳುಹಿಸಿದ ಹಣ, ಎಷ್ಟೇ ಪುಣ್ಯದ್ದಾದರೂ, ಕಳೆಯಲು ಬಾರದು. ಮೊತ್ತ ಮತ್ತೆ 29,000ಕ್ಕೆ ಇಳಿಯಿತು. ಅಂದಮೇಲೆ ನಿಗದಿಯಾದ 31,500ನ್ನೇ ಆರಿಸುವುದು ಲೇಸು. (2026ರ ವರಮಾನದಿಂದ ಮೊದಲ್ಗೊಂಡು ಆ ದಾರಿ ಹಿಡಿದ ದಂಪತಿಗಳೂ ಅರ್ಹ ಸಂಸ್ಥೆಗಳಿಗೆ ಕೊಟ್ಟ ನಗದು ದಾನದಲ್ಲಿ 2,000 ಡಾಲರಿನವರೆಗೆ ಬೇರೆಯಾಗಿ ಕಳೆಯಬಹುದು.)

ಅಳಿಯಂದಿರ ಮುಖ ಬಾಡಿತು. “ನಾಲ್ಕು ಸಾವಿರ ನಷ್ಟವಾಯಿತಲ್ಲ!”

ಬಹುಮಂದಿ ಎಡವುವುದು ಇಲ್ಲಿಯೇ. ಕಳೆಯುವುದು ವರಮಾನದಿಂದಲೇ ಹೊರತು ತೆರಿಗೆಯಿಂದಲ್ಲ. 33,000 ಒಪ್ಪಿಗೆಯಾಗಿದ್ದರೂ ನಿಗದಿಯಾದ ಮೊತ್ತಕ್ಕಿಂತ ಹೆಚ್ಚಾಗಿ ಕಳೆಯುತ್ತಿದ್ದುದು 1,500 ಮಾತ್ರ. ಇವರ ವರಮಾನದ ಆ ಭಾಗಕ್ಕೆ ತೆರಿಗೆ ಶೇಕಡಾ 22. ಮಗಳು ರಸೀದಿಯೊಂದರ ಬೆನ್ನಿಗೆ ಪೆನ್ಸಿಲಿನಿಂದ ಗುಣಿಸಿ ಗಂಡನ ಮುಂದಿಟ್ಟಳು: 330 ಡಾಲರು.

“ಇಷ್ಟೇನಾ?” ಎಂದರು ಅಳಿಯಂದಿರು.

“ಇಷ್ಟೇರೀ. ಆ ಕೋಣೆಗೆ ಇನ್ನೂ ಬಾಗಿಲು ಇಟ್ಟಿಲ್ಲವಂತೆ. ಅತ್ತೆ ಫೋನಿನಲ್ಲಿ ಹೇಳುತ್ತಿದ್ದರು.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಾಗಿಲಿಗೆ ಎಷ್ಟಾಗುತ್ತದೆಂದು ನಾಳೆ ಕೇಳಿಬಿಡು” ಎಂದು ರಸೀದಿಗಳನ್ನು ಪೆಟ್ಟಿಗೆಗೆ ತುಂಬತೊಡಗಿದರು.