ಮುಚ್ಚಿದ ಕಾರ್ಖಾನೆಯ ಸಾಲ, ಹಳೇ ವಿಮೆಯ ಕಾಗದ

ನಮ್ಮಲ್ಲಿ ಮಯ್ಯತ್ ನಮಾಝಿಗೆ ಮುಂಚೆ ಮನೆಯವರೊಬ್ಬರು ಎದ್ದು ನಿಂತು ಒಂದು ಮಾತು ಹೇಳುತ್ತಾರೆ: ಮರಣ ಹೊಂದಿದವರಿಂದ ಯಾರಿಗಾದರೂ ಬರಬೇಕಾದ ಬಾಕಿ ಇದ್ದರೆ ನಮಗೆ ತಿಳಿಸಿ, ನಾವು ತೀರಿಸುತ್ತೇವೆ. ಅಂಗಡಿಯವರ ಮನೆಯಲ್ಲಿ ಬೆಳೆದ ನನಗೆ ಈ ಮಾತಿನ ತೂಕ ಗೊತ್ತು. ಸಾಲದ ಪುಸ್ತಕದಲ್ಲಿ ಹೆಸರಿದ್ದವರು ತೀರಿಕೊಂಡರೆ ಉಪ್ಪ ಬಾಯಿ ಬಿಡುತ್ತಿರಲಿಲ್ಲ. ನಾಲ್ಕು ದಿನ ಬಿಟ್ಟು ಮಕ್ಕಳೇ ಅಂಗಡಿಗೆ ಬಂದು ಲೆಕ್ಕ ಕೇಳುತ್ತಿದ್ದರು.

ಕಾರ್ಖಾನೆ ಸತ್ತರೆ ಹಾಗೆ ಎದ್ದು ನಿಲ್ಲುವವರು ಯಾರು?

ನಾನು ಈಗಿರುವುದು ನಾಗಲಗಿದ್ದದಲ್ಲಿ. ಬೀದರ್ ಕಡೆಯಿಂದ ಬರುವ ಮಂಜೀರಾ ನದಿ ಇದೇ ಸೀಮೆಯಿಂದ ಕೆಳಗೆ ಹರಿಯುತ್ತದೆ. ಝಹೀರಾಬಾದಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಪಟಾನ್‌ಚೆರು ಸಿಗುತ್ತದೆ. 1970ರ ದಶಕದಿಂದ ಬೆಳೆದ ಕೈಗಾರಿಕಾ ಪ್ರದೇಶ ಅದು. ಅಲ್ಲಿನ ಔಷಧ ಕಾರ್ಖಾನೆಗಳ ಕೊಳೆನೀರು ನಕ್ಕವಾಗು ಹಳ್ಳಕ್ಕೆ, ಹಳ್ಳದಿಂದ ಮಂಜೀರಾಕ್ಕೆ. 2007ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಅಲ್ಲಿನ ಸಾಮೂಹಿಕ ಶುದ್ಧೀಕರಣ ಘಟಕದಿಂದ ಹೊರಬರುವ ನೀರನ್ನು ಪರೀಕ್ಷಿಸಿದಾಗ ಸಿಪ್ರೊಫ್ಲಾಕ್ಸಾಸಿನ್ ಎಂಬ ಔಷಧ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಕ್ಕಿತು. ಮಾತ್ರೆ ನುಂಗಿದ ರೋಗಿಯ ರಕ್ತದಲ್ಲೂ ಅಷ್ಟು ಇರುವುದಿಲ್ಲ. ಶುದ್ಧ ಮಾಡಿದ ನೀರಿನ ಕಥೆಯೇ ಇದು!

ಇದನ್ನೆಲ್ಲ ತೊಳೆಯಲು ದುಡ್ಡು ಎಲ್ಲಿಂದ? ಹಾಳು ಮಾಡಿದವನೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 1996ರಲ್ಲೇ ರಾಜಸ್ಥಾನದ ಬಿಚ್ಛಡಿ ಪ್ರಕರಣದಲ್ಲಿ ಹೇಳಿದೆ. ಆದರೆ ಆ ಹಣ ಕಟ್ಟಿಸಲು 2011ರಲ್ಲಿ ಅದೇ ಕೋರ್ಟ್ ಮತ್ತೆ ಬಡ್ಡಿ ಸಮೇತ ಆದೇಶ ಮಾಡಬೇಕಾಯಿತು. ಭೋಪಾಲದ ಕಾರ್ಖಾನೆಯಲ್ಲಿ ಉಳಿದಿದ್ದ 337 ಟನ್ ವಿಷದ ಕಸ ಅಲ್ಲಿಂದ ಹೊರಟದ್ದು 2025ರ ಜನವರಿಯಲ್ಲಿ, ದುರಂತವಾಗಿ 40 ವರ್ಷದ ಮೇಲೆ. ಅಷ್ಟರಲ್ಲಿ ಕಂಪನಿಯ ಹೆಸರು ಬದಲಾಗಿರುತ್ತದೆ, ಮಾಲೀಕ ಬದಲಾಗಿರುತ್ತಾನೆ, ಇಲ್ಲವೇ ಬಾಗಿಲೇ ಮುಚ್ಚಿರುತ್ತದೆ.

ಅಮೆರಿಕದವರು ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಅಲ್ಲಿ 1980ರ ಸೂಪರ್‌ಫಂಡ್ ಕಾನೂನು ಹಳೇ ಮಾಲಿನ್ಯಕ್ಕೂ ಕಂಪನಿಗಳನ್ನು ಹೊಣೆ ಮಾಡಿತು. ಆಗ ಕೆಲವರು ಹಳೇ ಕಡತ ತೆಗೆದರು. 1986ಕ್ಕಿಂತ ಹಿಂದಿನ ಬಹಳಷ್ಟು ಹೊಣೆಗಾರಿಕೆ ಪಾಲಿಸಿಗಳು ಹಾನಿ ನಡೆದ ವರ್ಷದ ಲೆಕ್ಕದವು. 1965ರಲ್ಲಿ ವಿಷ ಮಣ್ಣಿಗಿಳಿದಿದ್ದರೆ 1965ರ ಪಾಲಿಸಿ ಕೊಟ್ಟ ಕಂಪನಿಯ ಹತ್ತಿರ ಇಂದು ಹೋಗಿಯೂ ಹಣ ಕೇಳಬಹುದು. ಬಟ್ಟೆ ಒಗೆಯುವ ಸಣ್ಣ ಡ್ರೈಕ್ಲೀನಿಂಗ್ ಅಂಗಡಿಯವರು ಸಹ ಹೀಗೆ ಹಣ ಪಡೆದು ನೆಲ ಶುದ್ಧ ಮಾಡಿಸಿದ್ದಾರೆ. ಕಳೆದುಹೋದ ಪಾಲಿಸಿಯನ್ನು ಹಳೇ ಚೆಕ್ಕು, ಲೆಡ್ಜರ್, ಬ್ಯಾಂಕಿನ ಸಾಲದ ಕಾಗದಗಳಿಂದ ಹುಡುಕಿ ತೆಗೆಯುವುದೇ ಅಲ್ಲಿ ಒಂದು ಕಸುಬು.

ಇಲ್ಲಿ ಅದು ನಡೆಯುತ್ತದೆಯೇ? ಪೂರ್ತಿ ನಡೆಯುತ್ತದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ನಮ್ಮಲ್ಲಿ ಈಗ ಮಾರುವ ಹೊಣೆಗಾರಿಕೆ ಪಾಲಿಸಿಗಳು ಸಾಮಾನ್ಯವಾಗಿ ಕ್ಲೇಮ್ ಬಂದ ಅವಧಿಯ ಲೆಕ್ಕದವು. ಪಾಲಿಸಿ ಮುಗಿದು ವರ್ಷಗಳಾದ ಮೇಲೆ ಹಾನಿ ತಿಳಿದರೆ ಅದು ಬರೀ ಕಾಗದ. ಭೋಪಾಲದ ನಂತರ ಬಂದ 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾನೂನು ವಿಮೆಯನ್ನು ಕಡ್ಡಾಯ ಮಾಡಿತು ನಿಜ, ಆದರೆ ಮೂಲ ಕಾನೂನು ಒಂದು ಜೀವಕ್ಕೆ ಕಟ್ಟಿದ ಪರಿಹಾರ 25,000 ರೂಪಾಯಿ. ಅವಘಡಕ್ಕೆ ತುರ್ತು ಪರಿಹಾರ ಕೊಡುವುದು ಅದರ ಗುರಿ, ಮೂವತ್ತು ವರ್ಷ ತೊಟ್ಟಿಕ್ಕಿದ ವಿಷದಿಂದ ನೆಲ ಬಿಡಿಸುವುದಲ್ಲ.

ಹಾಗಂತ ಕೈ ಚೆಲ್ಲಬೇಕಿಲ್ಲ. 1973ರಲ್ಲಿ ಸಾಮಾನ್ಯ ವಿಮೆ ರಾಷ್ಟ್ರೀಕರಣವಾದಾಗ ನೂರಕ್ಕೂ ಹೆಚ್ಚು ಕಂಪನಿಗಳು ನ್ಯಾಷನಲ್, ನ್ಯೂ ಇಂಡಿಯಾ, ಓರಿಯೆಂಟಲ್, ಯುನೈಟೆಡ್ ಇಂಡಿಯಾ ಎಂಬ ನಾಲ್ಕರೊಳಗೆ ಸೇರಿದವು. ನಾಲ್ಕೂ ಇಂದಿಗೂ ಇವೆ, ನಾಲ್ಕೂ ಸರಕಾರದವು. ಅಮೆರಿಕದಲ್ಲಿ ಹತ್ತು ಊರು ಸುತ್ತಿ ಹುಡುಕಬೇಕಾದ್ದನ್ನು ಇಲ್ಲಿ ನಾಲ್ಕು ಬಾಗಿಲು ತಟ್ಟಿ ಕೇಳಬಹುದು. 2025ರ ಜುಲೈಯಲ್ಲಿ ಕೇಂದ್ರ ಸರಕಾರ ಮಲಿನಗೊಂಡ ಜಾಗಗಳ ನಿರ್ವಹಣೆಗೆ ನಿಯಮ ತಂದಿದೆ. ಸಂಶಯದ ಜಾಗಗಳ ಪಟ್ಟಿ ಜಿಲ್ಲಾಡಳಿತ ಕೊಡಬೇಕು, ಮಾಲಿನ್ಯ ನಿಯಂತ್ರಣ ಮಂಡಳಿ ಪರೀಕ್ಷಿಸಬೇಕು, ಖರ್ಚು ಹಾಳು ಮಾಡಿದವನದ್ದು. ಆತ ಸಿಗದಿದ್ದರೆ ಸರಕಾರದ್ದು, ಅಂದರೆ ನಮ್ಮ ತೆರಿಗೆಯದ್ದು. ಆ ಪಟ್ಟಿ ಮಾಡುವಾಗಲೇ ಪ್ರತಿ ಜಾಗಕ್ಕೂ ಯಾವ ವರ್ಷ ಯಾರ ವಿಮೆ ಇತ್ತು ಎಂಬ ಒಂದು ಕಾಲಂ ಸೇರಿಸಿ ಎಂಬುದು ನನ್ನ ಒತ್ತಾಯ. ನೂರರಲ್ಲಿ ಐದು ಪಾಲಿಸಿ ಕೆಲಸಕ್ಕೆ ಬಂದರೂ ಲಾಭವೇ.

ವಿಮೆ ಜಾಯಿಝೋ ಅಲ್ಲವೋ ಎಂದು ಕೇಳುವವರು ನಮ್ಮಲ್ಲಿದ್ದಾರೆ. ಅದನ್ನು ಉಸ್ತಾದರಲ್ಲಿ ಕೇಳಿ. ನಾನು ಹೇಳುತ್ತಿರುವುದು ಕಾರ್ಖಾನೆ ಮೊದಲೇ ಪ್ರೀಮಿಯಂ ಕಟ್ಟಿದ, ಈಗ ನೆರೆಯವರ ಹಕ್ಕಾಗಿರುವ ದುಡ್ಡಿನ ಮಾತು.

ಝಹೀರಾಬಾದಿನ ಹತ್ತಿರ ನ್ಯಾಲ್ಕಲ್, ಝರಾಸಂಗಂ ಮಂಡಲಗಳಲ್ಲಿ ಸಾವಿರಾರು ಎಕರೆಯ ನಿಮ್ಝ್ ಕೈಗಾರಿಕಾ ವಲಯ ಬರುತ್ತಿದೆ. ಉದ್ಯೋಗ ಬೇಡ ಎನ್ನಲು ನಾನು ಯಾರು? ನನ್ನ ಮೆಕ್ಯಾನಿಕಲ್ ಡಿಪ್ಲೊಮಾಕ್ಕೆ ಅನ್ನ ಕೊಡುವುದೂ ಕಾರ್ಖಾನೆಯೇ. ಆದರೆ ಬಾಗಿಲು ಮುಚ್ಚಿದ ಮೇಲೂ ನಡೆಯುವ ಪಾಲಿಸಿ ಇಲ್ಲದೆ ಪರವಾನಗಿ ಕೊಡಬೇಡಿ, ಅದರ ಪ್ರತಿ ಪಂಚಾಯತಿನಲ್ಲೂ ಇರಲಿ ಎಂದು ಕೇಳುವ ಕಾಲ ಇದೇ. ಯಂತ್ರ ಕೂತ ಮೇಲೆ ಕೇಳಿದರೆ ಯಾರೂ ಕಿವಿಗೊಡುವುದಿಲ್ಲ.

ಊರಲ್ಲಿರುವವರಿಗೂ ಇದು ದೂರದ ವಿಷಯವಲ್ಲ. ಕೋಕ್ ಧೂಳಿನ ವಿರುದ್ಧ ಜೋಕಟ್ಟೆಯವರು ಎಷ್ಟು ವರ್ಷ ಬೀದಿಗಿಳಿದರು ಎಂದು ನಮಗೆಲ್ಲ ಗೊತ್ತು. ಬೈಕಂಪಾಡಿಯಲ್ಲಿ ಹಳೇ ಶೆಡ್ಡು ಕೊಳ್ಳುವವರು, ಲೀಸಿಗೆ ಹಿಡಿಯುವವರು ನಮ್ಮಲ್ಲಿದ್ದಾರೆ. ಆರ್‌ಟಿಸಿ, ಇ.ಸಿ. ನೋಡುತ್ತೀರಿ, ಬಾವಿ ನೀರು ನೋಡುತ್ತೀರಾ? ಹಿಂದೆ ಅಲ್ಲಿ ಏನು ಬೇಯುತ್ತಿತ್ತು ಎಂದು ಕೇಳುತ್ತೀರಾ? ಹಿಂದಿನವರ ವಿಮೆಯ ಕಾಗದಗಳನ್ನು ಕ್ರಯಪತ್ರದ ಜೊತೆಗೇ ಕೇಳಿ ಪಡೆಯಿರಿ.

ಹೋದ ತಿಂಗಳು ಊರಿಗೆ ಹೋದಾಗ ಉಮ್ಮ ಅಟ್ಟ ಗುಡಿಸುತ್ತಿದ್ದರು. ಉಪ್ಪನ ತಗಡಿನ ಪೆಟ್ಟಿಗೆ ಕೆಳಗಿಳಿಸಿ, ಗೆದ್ದಲು ಹಿಡಿದಿದೆ, ಸುಟ್ಟುಬಿಡಲಾ ಎಂದು ಕೇಳಿದರು. ಒಳಗೆ ಲೈಸೆನ್ಸು, ರಶೀದಿ, ಅಂಗಡಿಯ ವಿಮೆಯ ಹಳೇ ಬಾಂಡು. ಬಿಸಿಲಿಗೆ ಒಣಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮತ್ತೆ ಅಟ್ಟಕ್ಕೆ ಹಾಕಿ ಬಂದೆ.